ಕೋಳಿಗೂಡು: ಕೋಟೆಯೋ, ಬೋನೋ?

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿತ್ತಲಿನಲ್ಲಿ ಏಳು ಕೋಳಿಗಳಿದ್ದುವು. ಮೊಟ್ಟೆ ಮಾರಿ ಬಂದ ಹಣ ನಮ್ಮ ತಾಯಿಯವರ ಕೈಖರ್ಚಿಗೆ ಒದಗುತ್ತಿತ್ತು. ಮಳೆಗಾಲದ ಒಂದು ಬೆಳಗ್ಗೆ ಗೂಡಿನ ಬಾಗಿಲು ತೆರೆದಾಗ ಒಂದು ಕೋಳಿ ಕಾಣೆಯಾಗಿತ್ತು. ಐದು ಕತ್ತಿನ ಬಳಿ ಗಾಯಗೊಂಡು ಸತ್ತು ಬಿದ್ದಿದ್ದುವು. ಉಳಿದೊಂದು ಮೂಲೆಯಲ್ಲಿ ಮುದುರಿ ಕುಳಿತಿತ್ತು. ತಂತಿಬಲೆಯ ಒಂದು ಅಂಚು ಮೊಳೆಯಿಂದ ಕಳಚಿ ಅಂಗೈ ಅಗಲದ ಸಂದಿಯಾಗಿತ್ತು. ಕಾಡುಬೆಕ್ಕೋ ಪುನುಗಿನ ಬೆಕ್ಕೋ ಬಂದಿರಬೇಕೆಂದು ನೆರೆಯವರು ಊಹಿಸಿದರು. ಒಂದನ್ನು ತಿನ್ನಲು ಬಂದ ಪ್ರಾಣಿ ಆರನ್ನು ಕೊಂದುದೇಕೆ? ಅದನ್ನು ದುಷ್ಟಪ್ರಾಣಿಯೆಂದು ಹಳಿಯುವುದು ಸುಲಭ. ಆದರೆ ತಪ್ಪಿನ ಬಹುಭಾಗ ನಾವು ಕಟ್ಟಿದ ಗೂಡಿನದೇ ಎಂಬುದು ವಿಚಾರಮಾಡಿದರೆ ತಿಳಿಯುವುದು.

ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸಿದ ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ 1972ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಪ್ರಶ್ನೆಯನ್ನು ಚರ್ಚಿಸಿದ್ದಾರೆ. ಇಂಗ್ಲೆಂಡಿನ ಕಡಲತೀರದಲ್ಲಿ ನೆಲದ ಮೇಲೆ ಗೂಡುಕಟ್ಟುವ ಕಡಲಹಕ್ಕಿಗಳನ್ನು ಕಗ್ಗತ್ತಲೆಯ ರಾತ್ರಿಗಳಲ್ಲಿ ನರಿಗಳು ತಿನ್ನಲಾರದಷ್ಟು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದುವು. ಅಂತಹ ಇರುಳಿನಲ್ಲಿ ಹಕ್ಕಿಗಳು ಹಾರಿ ತಪ್ಪಿಸಿಕೊಳ್ಳುತ್ತಿರಲಿಲ್ಲ. ಹೊಟ್ಟೆ ತುಂಬಿದ ಪ್ರಾಣಿ ಬೇಟೆಯನ್ನು ಅರಸುವುದನ್ನು ನಿಲ್ಲಿಸೀತು. ಕಣ್ಣೆದುರಿಗೇ ಇರುವ ಬೇಟೆಯ ಮೇಲೆ ಎರಗುವ ಪ್ರವೃತ್ತಿ ಅಷ್ಟು ಬೇಗ ಅಡಗದು. ಸಾಮಾನ್ಯವಾಗಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಓಡಿಹೋಗುವುದರಿಂದ ಈ ಪ್ರವೃತ್ತಿಗೆ ಅವಕಾಶವೇ ಇರುವುದಿಲ್ಲ.

ಕೋಳಿಯ ಸ್ಥಿತಿಯೂ ಇಂತಹುದೇ. ಬೆಳಕನ್ನು ಗ್ರಹಿಸುವ ಕಣಗಳು ಕಣ್ಣಿನ ಅಕ್ಷಿಪಟದಲ್ಲಿ ಎರಡು ಬಗೆಯವು. ಶಂಕುಕೋಶಗಳು ಪ್ರಖರವಾದ ಬೆಳಕಿನಲ್ಲಿ ಬಣ್ಣಗಳನ್ನು ತಿಳಿಸುತ್ತವೆ. ದಂಡಕೋಶಗಳು ಮಂದ ಬೆಳಕಿನಲ್ಲಿ ಕೆಲಸಮಾಡುತ್ತವೆ. ಕೋಳಿಯ ಕಣ್ಣಿನಲ್ಲಿ ಶಂಕುಕೋಶಗಳೇ ಅಧಿಕ. ಆದುದರಿಂದಲೇ ಹಗಲಿನಲ್ಲಿ ಸಣ್ಣ ಕಾಳನ್ನೂ ಗುರುತಿಸುವ ಕೋಳಿ ಇರುಳಾದೊಡನೆ ಕುರುಡಾದಂತೆ ಕುಳಿತುಬಿಡುತ್ತದೆ. ಬೆಕ್ಕಿನ ಕಣ್ಣಿನಲ್ಲಾದರೋ ದಂಡಕೋಶಗಳೇ ಹೆಚ್ಚು. ಅಕ್ಷಿಪಟದ ಹಿಂದೆ ಕನ್ನಡಿಯಂತಹ ಒಂದು ಪದರವೂ ಉಂಟು. ಮೊದಲ ಸಲ ಹೀರಲ್ಪಡದೆ ಹಾದುಹೋದ ಬೆಳಕನ್ನು ಅದು ಹಿಂದಿರುಗಿಸಿ ಮತ್ತೊಮ್ಮೆ ಗ್ರಹಿಸುವ ಅವಕಾಶ ಕೊಡುತ್ತದೆ. ಟಾರ್ಚಿನ ಬೆಳಕಿಗೆ ಬೆಕ್ಕಿನ ಕಣ್ಣು ಹೊಳೆಯುವುದು ಈ ಪದರದಿಂದಲೇ.

ನಮ್ಮ ಕೋಳಿಯ ಪೂರ್ವಜನಾದ ಕೆಂಪು ಕಾಡುಕೋಳಿ ಸಂಜೆಯಾಗುತ್ತಲೇ ಮರದ ಕೊಂಬೆಯನ್ನು ಏರುವುದು. ನಾವು ಅದರ ಸಂತತಿಯನ್ನು ನೆಲದ ಮೇಲಿನ ಗೂಡಿಗೆ ತಂದು ಬಾಗಿಲು ಹಾಕಿದ್ದೇವೆ. ಗೂಡು ಭದ್ರವಾಗಿದ್ದರೆ ಅದು ಕೋಟೆ. ಒಂದೇ ಒಂದು ಸಂದಿ ಇದ್ದರೆ ಅದು ಬೋನು. ಒಳಗಿರುವವು ಓಡಲಾರವು, ಒಳನುಗ್ಗಿದ ಪ್ರಾಣಿಗೆ ಅಡ್ಡಿಯಿಲ್ಲ.

ಹಾಗಾದರೆ ಗೂಡನ್ನು ಭದ್ರಪಡಿಸುವುದು ಹೇಗೆ? ಅಂಗಡಿಯಲ್ಲಿ ‘ಕೋಳಿಬಲೆ’ ಎಂದು ಮಾರುವ ಷಟ್ಕೋನ ಕಣ್ಣಿನ ತೆಳುತಂತಿಯು ಕೋಳಿಯನ್ನು ಒಳಗಿಡಬಲ್ಲುದೇ ಹೊರತು ಶತ್ರುವನ್ನು ಹೊರಗಿಡಲಾರದು. ಇಲ್ಲಿ ಭೌತಶಾಸ್ತ್ರ ನಮಗೆ ನೆರವಾಗುತ್ತದೆ. ದುಂಡು ತಂತಿಯು ಬಾಗುವಿಕೆಗೆ ಒಡ್ಡುವ ಪ್ರತಿರೋಧವು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಅರ್ಧ ಮಿಲಿಮೀಟರು ದಪ್ಪದ ತಂತಿಯ ಬದಲು ಒಂದು ಮಿಲಿಮೀಟರಿನದನ್ನು ಬಳಸಿದರೆ ಪ್ರತಿರೋಧ ಇಮ್ಮಡಿಯಲ್ಲ, 16 ಪಟ್ಟು! ತಂತಿಯ ಎರಡು ಆಧಾರಗಳ ನಡುವಣ ದೂರವನ್ನು ಅರ್ಧಕ್ಕೆ ಇಳಿಸಿದರೆ ಅದು ಇನ್ನೂ 8 ಪಟ್ಟು ಏರುತ್ತದೆ. ಆದುದರಿಂದ ಸುಮಾರು ಅರ್ಧ ಅಂಗುಲದ ಚೌಕ ಕಣ್ಣುಗಳಿರುವ, ಬೆಸುಗೆ ಹಾಕಿದ ದಪ್ಪತಂತಿಯ ಬಲೆಯೇ ಉತ್ತಮ. ದೊಡ್ಡ ಇಲಿ, ಹೆಗ್ಗಣಗಳನ್ನೂ ಅದು ತಡೆಯುವುದು. ಆದರೆ ಬಲೆ ಎಷ್ಟೇ ಗಟ್ಟಿಯಾಗಿದ್ದರೂ ಚೌಕಟ್ಟಿಗೆ ಅದನ್ನು ಹಿಡಿದಿಟ್ಟ ಮೊಳೆ ಸಡಿಲವಾದರೆ ಎಲ್ಲವೂ ವ್ಯರ್ಥ. ಅಂಚಿನ ಮೇಲೆ ಮರದ ಪಟ್ಟಿಯನ್ನಿಟ್ಟು ತಿರುಪು ಮೊಳೆಗಳಿಂದ ಬಿಗಿಯಬೇಕು.

ನೆಲವನ್ನೂ ಮರೆಯಬಾರದು. ಅಗೆಯುವ ಪ್ರಾಣಿ ಗೋಡೆಯು ನೆಲಕ್ಕೆ ತಾಗುವ ಬುಡದಲ್ಲಿಯೇ ಮೊದಲು ಕೆದಕುವುದು. ಬಲೆಯನ್ನು ಬುಡದಿಂದ ಹೊರಮಗ್ಗುಲಿಗೆ ಒಂದು ಅಡಿಯಷ್ಟು ಹಾಸಿ, ಮೇಲೆ ಮಣ್ಣುಕಲ್ಲು ಹೇರಿದರೆ ಅದರ ಉಗುರಿಗೆ ತಂತಿಯೇ ಎದುರಾಗುತ್ತದೆ.

ಭಯದಿಂದ ಗೂಡನ್ನು ಪೆಟ್ಟಿಗೆಯಂತೆ ಮುಚ್ಚುವುದೂ ಸಲ್ಲದು. ಹಿಕ್ಕೆಯಿಂದ ಏಳುವ ಅಮೋನಿಯ ಮತ್ತು ಉಸಿರಿನ ತೇವ ಒಳಗೇ ಉಳಿದರೆ ಕೋಳಿಗಳು ರೋಗಕ್ಕೆ ಈಡಾಗುವುವು. ಬಿಸಿಗಾಳಿ ಮೇಲಕ್ಕೇರುವುದರಿಂದ ಚಾವಣಿಯ ಕೆಳಗೆ ಗವಾಕ್ಷಿಯನ್ನಿಟ್ಟು ಅದಕ್ಕೂ ಅದೇ ಬಲೆಯನ್ನು ಹೊದಿಸತಕ್ಕದ್ದು. ಹಗಲಿನಲ್ಲಿ ಮುಂಗುಸಿ, ಗಿಡುಗ, ನಾಯಿಗಳ ಭಯವುಂಟಾದುದರಿಂದ ಮರಿಗಳನ್ನು ಮೇಲೂ ಬಲೆಯಿರುವ ಆವರಣದಲ್ಲಿ ಬಿಡುವುದು ಕ್ಷೇಮ.

ಕೋಳಿ ಕಳೆದುಕೊಂಡ ಕೋಪದಲ್ಲಿ ಕೆಲವರು ವಿಷವಿಡುತ್ತಾರೆ, ಉರುಳು ಒಡ್ಡುತ್ತಾರೆ. ಮುಂಗುಸಿ, ಪುನುಗಿನ ಬೆಕ್ಕು, ಕಾಡುಬೆಕ್ಕುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಇವು ಇಲಿಗಳನ್ನು ತಿಂದು ನಮಗೆ ಉಪಕಾರವನ್ನೂ ಮಾಡುತ್ತವೆ. ವಿಷವಾದರೋ ನೆರೆಮನೆಯ ನಾಯಿಯನ್ನೂ ಕೊಂದೀತು. ಇಷ್ಟಾಗಿಯೂ ಸಂದಿ ಹಾಗೆಯೇ ಉಳಿದಿದ್ದರೆ ನಾಳೆ ಇನ್ನೊಂದು ಪ್ರಾಣಿ ಬರುವುದು.

ಕೊನೆಯದಾಗಿ, ಖರ್ಚಿಲ್ಲದ ಒಂದು ಪರೀಕ್ಷೆಯನ್ನು ವಾಚಕರು ಮಾಡಿನೋಡಬಹುದು. ಕತ್ತಲಾದ ಮೇಲೆ ಖಾಲಿ ಗೂಡಿನೊಳಗೆ ದೀಪವನ್ನಿಟ್ಟು ಬಾಗಿಲು ಮುಚ್ಚಿ, ಹೊರಗೆ ಸುತ್ತಿ ಬನ್ನಿ. ಹಲಗೆಗಳ ಕೂಡಿಕೆಯಲ್ಲಿ, ಬಾಗಿಲಿನ ಅಂಚಿನಲ್ಲಿ, ಚಾವಣಿಯ ಮೂಲೆಯಲ್ಲಿ ಬೆಳಕಿನ ಗೆರೆ ಕಂಡಲ್ಲೆಲ್ಲ ಗುರುತು ಹಾಕಿ, ಹೆಬ್ಬೆರಳು ತೂರುವ ಸಂದಿಗಳನ್ನು ಮೊದಲು ಮುಚ್ಚಿರಿ. ಬಲೆಯ ಅಂಚುಗಳನ್ನು ಕೈಯಿಂದ ಬಲವಾಗಿ ಎಳೆದುನೋಡಿರಿ. ನಾವು ಈ ಪರೀಕ್ಷೆಯನ್ನು ಮಾಡಿದುದು ಆರು ಕೋಳಿಗಳು ಹೋದ ಮೇಲೆ. ಅಂದು ನಮ್ಮ ಗೂಡಿನಲ್ಲಿ ಆ ಒಂದು ಸಂದಿಯಲ್ಲದೆ ಇನ್ನೂ ಮೂರು ಕಡೆ ಬೆಳಕು ಕಂಡಿತು.