ವಿವಾಹಪೂರ್ವ ರಕ್ತ ತಪಾಸಣೆ: ಆನುವಂಶಿಕ ಕಾಯಿಲೆಗಳ ಕುರಿತು ಸಾರ್ವಜನಿಕ ತಿಳುವಳಿಕೆ

(ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗ ಹಾಗೂ ರಾಯಚೂರು ಭಾಗದ ಸಾರ್ವಜನಿಕರ ಗಮನಕ್ಕೆ)

ವಿವಾಹ ನಿಶ್ಚಯಿಸುವ ಮುನ್ನ ಮನೆತನ, ಜಾತಕ, ಹೊಲ-ಮನೆ, ಉದ್ಯೋಗ ಇವೆಲ್ಲವನ್ನೂ ವಿಚಾರಿಸುವುದು ನಮ್ಮಲ್ಲಿ ರೂಢಿಯಲ್ಲಿದೆ. ಇವುಗಳೊಂದಿಗೆ ವಧು-ವರರಿಬ್ಬರ ರಕ್ತ ಪರೀಕ್ಷೆಯನ್ನೂ ಮಾಡಿಸಿದಲ್ಲಿ, ಹುಟ್ಟಲಿರುವ ಮಗುವಿಗೆ ಒದಗಬಹುದಾದ ಕೆಲವು ಗಂಭೀರ ಕಾಯಿಲೆಗಳ ಸಾಧ್ಯತೆಯನ್ನು ಮುಂಚಿತವಾಗಿ ತಿಳಿಯಬಹುದಾಗಿದೆ. ಈ ಕುರಿತು ಅಗತ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

1. ಆನುವಂಶಿಕ ಕಾಯಿಲೆ ಎಂದರೇನು?

ತಂದೆ-ತಾಯಿಯರ ವಂಶವಾಹಿಗಳ ಮೂಲಕ ಮಕ್ಕಳಿಗೆ ಬರುವ ಕಾಯಿಲೆಗಳನ್ನು ಆನುವಂಶಿಕ ಕಾಯಿಲೆಗಳೆಂದು ಕರೆಯಲಾಗುತ್ತದೆ. ಇವು ಅಂಟುರೋಗಗಳಲ್ಲ, ಶಾಪದಿಂದಾಗಲೀ ದೋಷದಿಂದಾಗಲೀ ಬರುವಂಥವೂ ಅಲ್ಲ. ನಮ್ಮ ರಾಜ್ಯದಲ್ಲೇ ಇದಕ್ಕೆ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಕೀಲು ಹಾಗೂ ಮೂಳೆಗಳನ್ನು ಬಾಧಿಸುವ ಕಾಯಿಲೆಯೊಂದು ಬೆಳಕಿಗೆ ಬಂದಿತು. ಗದ್ದೆಯ ಕೀಟನಾಶಕ ಸೇರಿದ ಏಡಿ, ಮೀನುಗಳ ಸೇವನೆಯೇ ಕಾರಣವಿರಬಹುದೆಂದು ಮೊದಲಿಗೆ ಶಂಕಿಸಲಾಗಿತ್ತು. ಅದು ವಂಶಪಾರಂಪರ್ಯವಾಗಿ ಬರುವ ಕಾಯಿಲೆಯೆಂಬುದು ಅನಂತರದ ಅಧ್ಯಯನಗಳಿಂದ ತಿಳಿದುಬಂದಿತು. ಕಾರಣ ತಿಳಿಯದಿದ್ದಲ್ಲಿ ಕುಟುಂಬಗಳು ವರ್ಷಗಟ್ಟಲೆ ತಪ್ಪು ದಾರಿಯಲ್ಲಿ ಪರಿಹಾರ ಹುಡುಕಬೇಕಾಗುತ್ತದೆ.

2. 'ವಾಹಕರು' ಎಂದರೆ ಯಾರು?

ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ರಕ್ತಹೀನತೆ ಇವೆರಡೂ ರಕ್ತದ ಆನುವಂಶಿಕ ಕಾಯಿಲೆಗಳು. ಇವುಗಳ ದೋಷಯುಕ್ತ ವಂಶವಾಹಿಯ ಒಂದು ಪ್ರತಿಯನ್ನು ಮಾತ್ರ ಹೊಂದಿದವರನ್ನು ವಾಹಕರೆನ್ನುವರು. ವಾಹಕರು ರೋಗಿಗಳಲ್ಲ. ಅವರು ಸಾಮಾನ್ಯವಾಗಿ ಆರೋಗ್ಯವಂತರಾಗಿದ್ದು, ದುಡಿಮೆಗಾಗಲೀ ಆಯಸ್ಸಿಗಾಗಲೀ ತೊಂದರೆ ಇರುವುದಿಲ್ಲ. ಆದುದರಿಂದ ಪರೀಕ್ಷೆಯ ಹೊರತು ಅವರಿಗೇ ಈ ವಿಷಯ ತಿಳಿಯುವುದಿಲ್ಲ.

ವಾಹಕರು ವಾಹಕರಲ್ಲದವರನ್ನು ವಿವಾಹವಾದಲ್ಲಿ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ. ಇಬ್ಬರೂ ಒಂದೇ ಕಾಯಿಲೆಯ ವಾಹಕರಾಗಿದ್ದಲ್ಲಿ ಪ್ರತಿ ಗರ್ಭಧಾರಣೆಯಲ್ಲಿಯೂ:

- ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25
- ಮಗು ಕೇವಲ ವಾಹಕವಾಗುವ ಸಾಧ್ಯತೆ ಶೇ. 50
- ಮಗು ಸಂಪೂರ್ಣ ಮುಕ್ತವಾಗಿರುವ ಸಾಧ್ಯತೆ ಶೇ. 25

ಮೊದಲ ಮಗುವಿಗೆ ಕಾಯಿಲೆ ಬಂದಿದ್ದರೆ ಮುಂದಿನ ಮೂವರಿಗೆ ಬರುವುದಿಲ್ಲವೆಂದು ಭಾವಿಸುವುದು ತಪ್ಪು. ಪ್ರತಿ ಗರ್ಭಕ್ಕೂ ಈ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ. ಮಗುವಿಗೆ ಈ ಕಾಯಿಲೆ ಬಂದಾಗ ತಾಯಿಯನ್ನು ಮಾತ್ರ ದೂಷಿಸುವುದು, ಸೊಸೆಯನ್ನು ತವರಿಗೆ ಕಳುಹಿಸುವುದು ಅನ್ಯಾಯವಷ್ಟೇ ಅಲ್ಲ, ಅವೈಜ್ಞಾನಿಕವೂ ಆಗಿದೆ. ಒಂದು ಪ್ರತಿ ತಾಯಿಯಿಂದ, ಇನ್ನೊಂದು ಪ್ರತಿ ತಂದೆಯಿಂದ ಬಂದಾಗಲೇ ಈ ಕಾಯಿಲೆ ಉಂಟಾಗುತ್ತದೆ.

3. ರಕ್ತಸಂಬಂಧದಲ್ಲಿ ವಿವಾಹ

ಅಕ್ಕನ ಮಗಳು, ಸೋದರಮಾವನ ಮಗಳು, ಸೋದರತ್ತೆಯ ಮಗ ಹೀಗೆ ಕಳ್ಳುಬಳ್ಳಿಯಲ್ಲಿಯೇ ಸಂಬಂಧ ಬೆಳೆಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರ ಪೈಕಿ ಸುಮಾರು ಶೇ. 27ರಷ್ಟು ಮಂದಿ ರಕ್ತಸಂಬಂಧದಲ್ಲಿ ವಿವಾಹವಾದವರು. 1955ರ ಹಿಂದೂ ವಿವಾಹ ಕಾಯ್ದೆಯು ನಿಷಿದ್ಧ ಸಂಬಂಧಗಳನ್ನು ಪಟ್ಟಿ ಮಾಡಿದ್ದು, ರೂಢಿಯಲ್ಲಿ ಅವಕಾಶವಿದ್ದಲ್ಲಿ ವಿನಾಯಿತಿ ನೀಡಿದೆ.

ಸೋದರಮಾವ ಮತ್ತು ಸೊಸೆಯ ನಡುವೆ ಸರಾಸರಿ ನಾಲ್ಕನೇ ಒಂದು ಭಾಗ, ಸೋದರ ಸಂಬಂಧಿಗಳಲ್ಲಿ ಎಂಟನೇ ಒಂದು ಭಾಗ ವಂಶವಾಹಿಗಳು ಸಮಾನವಾಗಿರುತ್ತವೆ. ಆದ್ದರಿಂದ ಇಬ್ಬರೂ ಒಂದೇ ದೋಷದ ವಾಹಕರಾಗಿರುವ ಸಂಭವ ಹೆಚ್ಚು. ಇಂತಹ ವಿವಾಹಗಳಲ್ಲಿ ಬಹುತೇಕ ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಆದರೆ ಇಲ್ಲಿ ಪರೀಕ್ಷೆಯ ಅಗತ್ಯ ಹೆಚ್ಚು ಎಂಬುದನ್ನು ಗಮನಿಸತಕ್ಕದ್ದು. ರಕ್ತಸಂಬಂಧ ಇಲ್ಲದವರೂ ವಾಹಕರಾಗಿರಬಹುದಾದ್ದರಿಂದ ಹೊರ ಸಂಬಂಧ ಎಂಬ ಕಾರಣಕ್ಕೆ ಪರೀಕ್ಷೆಯನ್ನು ಕೈಬಿಡಬಾರದು.

4. ಯಾವ ಪರೀಕ್ಷೆ, ಯಾವಾಗ?

- ಪರೀಕ್ಷೆಯನ್ನು ನಿಶ್ಚಿತಾರ್ಥಕ್ಕೆ ಮೊದಲೇ ಮಾಡಿಸುವುದು ಸೂಕ್ತ. ಲಗ್ನಪತ್ರಿಕೆ ಹಂಚಿದ ನಂತರ ಶಾಂತಚಿತ್ತದಿಂದ ಯೋಚಿಸುವುದು ಕಷ್ಟವಾಗುತ್ತದೆ.
- ಮೊದಲಿಗೆ ಸಂಪೂರ್ಣ ರಕ್ತಕಣ ಎಣಿಕೆ, ನಂತರ ಎಚ್‌ಪಿಎಲ್‌ಸಿ ವಿಧಾನದಲ್ಲಿ ಹಿಮೋಗ್ಲೋಬಿನ್ ಎ2 ಪ್ರಮಾಣದ ಪರೀಕ್ಷೆ ಮಾಡಲಾಗುತ್ತದೆ.
- ರಕ್ತದ ಗುಂಪು ನೋಡುವ ಪರೀಕ್ಷೆಯಿಂದ ವಾಹಕರು ಯಾರೆಂದು ತಿಳಿಯುವುದಿಲ್ಲ. ಎರಡೂ ಬೇರೆ ಬೇರೆ ಪರೀಕ್ಷೆಗಳು.
- ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದಲ್ಲಿ ಅಥವಾ ಕಬ್ಬಿಣಾಂಶದ ಮಾತ್ರೆ ಸೇವಿಸುತ್ತಿದ್ದಲ್ಲಿ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.
- ಮನೆತನದಲ್ಲಿ ಕುಸುಮ ರೋಗ (ಗಾಯದ ರಕ್ತ ನಿಲ್ಲದಿರುವುದು), ಹುಟ್ಟು ಕಿವುಡು, ಬುದ್ಧಿಮಾಂದ್ಯತೆ ಅಥವಾ ಶಿಶುಗಳ ಮರಣ ಪದೇ ಪದೇ ಕಂಡುಬಂದಿದ್ದಲ್ಲಿ ಆ ವಿವರವನ್ನೂ ಮುಚ್ಚಿಡದೆ ಹೇಳತಕ್ಕದ್ದು.

ಮೊದಲಿಗೆ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು. ಮುಂದಿನ ಪರೀಕ್ಷೆಯನ್ನು ರಾಯಚೂರಿನಲ್ಲಿ ಅಥವಾ ಬೇರೆ ಯಾವ ಕೇಂದ್ರದಲ್ಲಿ ಮಾಡಿಸಬೇಕೆಂಬುದನ್ನು ಅವರು ತಿಳಿಸುವರು. ಈ ಪರೀಕ್ಷೆ ಕಾನೂನಿನಂತೆ ಕಡ್ಡಾಯವಲ್ಲ. ವಧು-ವರರಿಬ್ಬರೂ ಒಪ್ಪಿ ಮಾಡಿಸಬೇಕು. ಹುಡುಗಿಯ ಕಡೆಯವರಿಂದ ಮಾತ್ರ ವರದಿ ಕೇಳುವುದು ಸರಿಯಲ್ಲ. ಫಲಿತಾಂಶವು ಗೌಪ್ಯವಾಗಿರತಕ್ಕದ್ದು.

5. ಇಬ್ಬರೂ ವಾಹಕರೆಂದು ಕಂಡುಬಂದಲ್ಲಿ

ವಿವಾಹವನ್ನು ಮುರಿಯಲೇಬೇಕೆಂದಿಲ್ಲ. ಸೈಪ್ರಸ್ ದೇಶದಲ್ಲಿ 1980ರ ದಶಕದಿಂದ ವಿವಾಹಕ್ಕೆ ಮುನ್ನ ಥಲಸ್ಸೇಮಿಯಾ ಪರೀಕ್ಷೆಯ ಪ್ರಮಾಣಪತ್ರ ಕೇಳುವ ಪದ್ಧತಿ ಇದೆ. ಅಲ್ಲಿ ಇಬ್ಬರೂ ವಾಹಕರಾಗಿದ್ದ ಜೋಡಿಗಳಲ್ಲಿ ಬಹುಪಾಲು ಮಂದಿ ವಿವಾಹವಾಗಿದ್ದಾರೆ. ಹಾಗಿದ್ದೂ ಕಾಯಿಲೆಪೀಡಿತ ಮಕ್ಕಳ ಜನನ ಬಹಳ ಕಡಿಮೆಯಾಗಿದೆ. ವಿಷಯ ತಿಳಿದ ದಂಪತಿಗಳು ಗರ್ಭ ಧರಿಸಿದೊಡನೆ ವೈದ್ಯರನ್ನು ಕಂಡಲ್ಲಿ, ಸುಮಾರು 11ನೇ ವಾರದ ನಂತರ ಭ್ರೂಣದ ಪರೀಕ್ಷೆ ಮಾಡಿಸಲು ಅವಕಾಶವಿದೆ. 1994ರ ಪ್ರಸವಪೂರ್ವ ಪರೀಕ್ಷಾ ತಂತ್ರಗಳ ಕಾಯ್ದೆಯನ್ವಯ ಇದನ್ನು ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ಮಾಡತಕ್ಕದ್ದು. ಭ್ರೂಣದ ಲಿಂಗ ತಿಳಿಸುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

6. ಕಾಯಿಲೆ ಇರುವವರಿಗೆ ಸೌಲಭ್ಯಗಳು

ತೀವ್ರ ಥಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಜೀವನಪರ್ಯಂತ ರಕ್ತ ಹಾಕಿಸಬೇಕಾಗುತ್ತದೆ. ಜೊತೆಗೆ ದೇಹದಲ್ಲಿ ಶೇಖರವಾಗುವ ಕಬ್ಬಿಣಾಂಶವನ್ನು ಹೊರಹಾಕುವ ಔಷಧಿಯೂ ಬೇಕು. ಇಂತಹ ಕುಟುಂಬಗಳು ಕೆಳಕಂಡವುಗಳನ್ನು ತಿಳಿದಿರತಕ್ಕದ್ದು:

- 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಥಲಸ್ಸೇಮಿಯಾ, ಹಿಮೋಫಿಲಿಯಾ (ಕುಸುಮ ರೋಗ) ಮತ್ತು ಸಿಕಲ್ ಸೆಲ್ ಕಾಯಿಲೆಗಳನ್ನು ಅಂಗವೈಕಲ್ಯದ ಪಟ್ಟಿಗೆ ಸೇರಿಸಲಾಗಿದೆ. ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಹಾಗೂ ವೈದ್ಯಕೀಯ ವರದಿಗಳೊಂದಿಗೆ ಯುಡಿಐಡಿ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು.
- ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ಮಾಡಲಾಗುತ್ತದೆ.
- 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. 2047ರೊಳಗೆ ಈ ಕಾಯಿಲೆಯನ್ನು ನಿರ್ಮೂಲನೆ ಮಾಡುವುದು ಇದರ ಗುರಿಯಾಗಿದೆ.

ವಾಹಕರಾಗಿರುವುದು ಯಾರ ತಪ್ಪೂ ಅಲ್ಲ, ಯಾವ ಮನೆತನಕ್ಕೂ ಕಳಂಕವಲ್ಲ. ಮದುವೆಯ ವಯಸ್ಸಿಗೆ ಬಂದ ಮಕ್ಕಳಿರುವ ಪಾಲಕರು ಸಂಬಂಧದ ಮಾತುಕತೆ ಆರಂಭಿಸುವ ಮುನ್ನವೇ ಈ ಪರೀಕ್ಷೆ ಮಾಡಿಸಿ, ವರದಿಯನ್ನು ಜೋಪಾನವಾಗಿ ಇಟ್ಟುಕೊಂಡು, ಇದರ ಸದುಪಯೋಗ ಪಡೆಯಬೇಕೆಂದು ಕೋರಲಾಗಿದೆ.