ಸಿಡಿಲಿನ ಸೀಮೆಯಲ್ಲಿ ಗಾಜಿನೆಳೆಯ ಸಂಗೀತ

ದೂರದ ನಗರದ ಕಂಪ್ಯೂಟರೊಂದರಿಂದ ಹೊರಟ ಹಾಡಿನ ತುಣುಕು ಬೆಳಕಾಗಿ ಗಾಜಿನೆಳೆಯೊಳಗೆ ಸಾವಿರ ಕಿಲೋಮೀಟರ್ ಓಡಲು ಎಷ್ಟು ಹೊತ್ತು ಬೇಕು? ಬರೀ 5 ಮಿಲಿಸೆಕೆಂಡ್. ಅದೇ ತುಣುಕು ಅಳದಂಗಡಿಯ ತೋಟದ ಮನೆಯ ಚಾವಡಿಯಲ್ಲಿ ಸ್ಪೀಕರಿನಿಂದ ಹೊರಟು 3 ಮೀಟರ್ ಆಚೆ ಕೂತವರ ಕಿವಿ ಮುಟ್ಟಲು? ಸುಮಾರು 9 ಮಿಲಿಸೆಕೆಂಡ್! ದಾರಿಯ ಯಂತ್ರಗಳು ತಿನ್ನುವ ಸಮಯ ಬಿಟ್ಟು ಬೆಳಕಿನ ಓಟವನ್ನಷ್ಟೇ ಲೆಕ್ಕ ಹಿಡಿದರೆ, ಊರೂರು ದಾಟಿ ಮನೆ ಬಾಗಿಲಿಗೆ ಬಂದ ಸಂಗೀತಕ್ಕೆ ಕೊನೆಯ ನಾಲ್ಕು ಹೆಜ್ಜೆಯೇ ಅತ್ಯಂತ ನಿಧಾನದ್ದು. ಲೆಕ್ಕ ಎರಡೆರಡು ಸಲ ಹಾಕಿ ನೋಡಿ, ಉತ್ತರ ಬದಲಾಗುವುದಿಲ್ಲ.

ಗುರುವಾಯನಕೆರೆಯಿಂದ ನಾರಾವಿಯತ್ತ ಹೋಗುವ ದಾರಿಯಲ್ಲಿ ಸಿಗುವ ಅಳದಂಗಡಿ, ಅಜಿಲ ಅರಸರ ಅರಮನೆಯ ಊರು. ಆ ವಂಶದ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ 35 ಅಡಿ ಎತ್ತರದ ಗೊಮ್ಮಟ ಪಕ್ಕದ ವೇಣೂರಿನಲ್ಲೇ ಇದ್ದಾನೆ. ಮೂಡಲಿಗೆ ಕುದುರೆಮುಖದ ಬೆಟ್ಟಸಾಲು, ಸುತ್ತ ಅಡಿಕೆ ತೋಟ, ತೋಟದ ನಡುವೆ ಒಂದಕ್ಕೊಂದು ಕೂಗಳತೆಯಲ್ಲಿ ಮನೆಗಳು. ಕೋವಿಡ್ ಕಾಲದಲ್ಲಿ ಇದೇ ಜಿಲ್ಲೆಯ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ್ದರು. ಅಂಥ ಸೀಮೆಯ ಮನೆಯೊಂದು ಈಗ ಸ್ಟುಡಿಯೊದ ಮೂಲಪ್ರತಿಯಷ್ಟೇ ಶುದ್ಧವಾದ ಸಂಗೀತವನ್ನು ಅಂತರ್ಜಾಲದಿಂದ ಇಳಿಸಿ ಕೇಳಬಹುದೆ? ಅದಕ್ಕೆ ಎಂಥ ರೂಟರ್, ಎಂಥ ವಯರ್, ಎಂಥ ಪೆಟ್ಟಿಗೆ ಬೇಕು? ಉತ್ತರ ಹುಡುಕಲು ಹೊರಟರೆ ಹೆಜ್ಜೆಗೊಂದು ಅಚ್ಚರಿ!

ಮೊದಲ ಅಚ್ಚರಿ ಕಂಬದ ಮೇಲೆಯೇ ಇದೆ. ತೇಗದ ಮರ, ತೆಂಗಿನ ಮರ, ಕರೆಂಟಿನ ಕಂಬಗಳನ್ನು ಹಿಡಿದು ಜೋತಾಡುತ್ತ ಬರುವ ಆ ಕಪ್ಪು ವಯರಿನೊಳಗೆ ಬೆಳಕು ಹರಿಯುವ ಗಾಜಿನ ತಿರುಳಿನ ದಪ್ಪ ಸುಮಾರು 9 ಮೈಕ್ರಾನ್. ತಲೆಗೂದಲಿನ ದಪ್ಪದ ಸುಮಾರು ಹತ್ತರಲ್ಲೊಂದು ಪಾಲಿನ ದಾರಿ! ಊರಿನ ಸ್ಪ್ಲಿಟರ್ ಪೆಟ್ಟಿಗೆಯಲ್ಲಿ ಒಂದೇ ಎಳೆಯ ಬೆಳಕು ಮೂವತ್ತೆರಡೋ ಅರವತ್ತನಾಲ್ಕೋ ಮನೆಗಳಿಗೆ ಹಂಚಿಹೋಗುತ್ತದೆ. ಹಂಚುವ ಆ ಪೆಟ್ಟಿಗೆಗೆ ಒಂದು ಹನಿ ಕರೆಂಟೂ ಬೇಡ. ಇನ್ನೂ ಮೋಜಿನ ಸಂಗತಿಯೆಂದರೆ, ನಿಮ್ಮ ಮನೆಗೆಂದು ಹೊರಟ ಹಾಡಿನ ಬೆಳಕು ಆ ಎಳೆಯ ಅಷ್ಟೂ ಮನೆಗಳ ಬಾಗಿಲು ತಟ್ಟುತ್ತದೆ. ನಿಮ್ಮ ಮೋಡೆಮ್ ತನ್ನ ಪಾಲಿನದ್ದನ್ನು ಮಾತ್ರ ಗುರುತಿಸಿ ಬಿಡಿಸಿಕೊಳ್ಳುತ್ತದೆ. ನೆರೆಮನೆಯವರದ್ದಕ್ಕೆ ಬೀಗ, ನಿಮ್ಮ ಕೈಯಲ್ಲಿ ಕೀಲಿಯಿಲ್ಲ.

ಮನೆಗೆ ಬಂದ ಲೈನ್‌ಮನ್ ಮೀಟರ್ ಹಿಡಿದು "ಮೈನಸ್ ಇಪ್ಪತ್ತು ಬರ್ತಾ ಉಂಟು, ಸಾಕು" ಎಂದು ಹೇಳಿ ಹೋಗುತ್ತಾನಲ್ಲ, ಆ ಮೈನಸ್ ಇಪ್ಪತ್ತು ಎಂದರೆ 10 ಮೈಕ್ರೊವಾಟ್. ಒಂದು ವಾಟಿನ ಲಕ್ಷದಲ್ಲೊಂದು ಪಾಲು! ಅಷ್ಟು ಕ್ಷೀಣವಾದ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಇಡೀ ಕಛೇರಿ, ಇಡೀ ಯಕ್ಷಗಾನದ ಆಟ, ತಂಬೂರಿಯ ಕೊನೆಯ ಝೇಂಕಾರದವರೆಗೆ ಎಲ್ಲವೂ ಇದೆ. 1966ರಲ್ಲಿ ಚಾರ್ಲ್ಸ್ ಕಾವೋ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಬೆಳಕಿನಲ್ಲಿ ಮಾತು ಕಳಿಸಬಹುದು ಎಂದು ಬರೆದಿದ್ದರು. ಕಾವೋ ಅವರಿಗೆ ನೊಬೆಲ್ ಬಂದದ್ದು 2009ರಲ್ಲಿ. ಗಾಳಿಗೆ ಅಡಿಕೆಯ ಸೋಗೆ ಬಿದ್ದು ಆ ಎಳೆ ತುಂಡಾಯಿತೋ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರವೊಂದು ಎರಡು ತುದಿಗಳನ್ನು ಎದುರು ಬದುರು ನಿಲ್ಲಿಸಿ, ಒಂದು ಕಿಡಿಯಲ್ಲಿ ಕರಗಿಸಿ, ಮೈಕ್ರಾನ್ ಲೆಕ್ಕದಲ್ಲಿ ಬೆಸೆದುಬಿಡುತ್ತದೆ. ನಮ್ಮ ತೋಟದ ಬದುವಿನ ಮೇಲೆ, ಮಳೆಗೆ ಕೊಡೆ ಹಿಡಿದುಕೊಂಡೇ ನಡೆಯುವ ಕೆಲಸ ಇದು!

ಇನ್ನು ಆ ಬೆಳಕು ಹೊತ್ತು ತರುವ ಸರಕು. ಸಿ.ಡಿ. ಗುಣಮಟ್ಟದ ಸಂಗೀತವೆಂದರೆ ಪ್ರತಿ ಸೆಕೆಂಡಿಗೆ 44,100 ಬಾರಿ, ಎಡಕ್ಕೊಂದು ಬಲಕ್ಕೊಂದು, 16 ಬಿಟ್‌ಗಳ ಅಳತೆ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. 2021ರಿಂದ ಆಪಲ್ ಮ್ಯೂಸಿಕ್ ಕೊಡುತ್ತಿರುವ ಅತ್ಯುನ್ನತ ದರ್ಜೆಯಲ್ಲಿ, 24 ಬಿಟ್ ಮತ್ತು 192 ಕಿಲೋಹರ್ಟ್ಸ್‌ನಲ್ಲಿ, ಅದು 92,16,000 ಬಿಟ್. ಕುಗ್ಗಿಸದೆ ಕಳಿಸಿದರೂ 50 ಎಂಬಿಪಿಎಸ್ ಸಂಪರ್ಕದ ಐದರಲ್ಲೊಂದು ಪಾಲನ್ನೂ ಇದು ತುಂಬುವುದಿಲ್ಲ. ಅಂದಮೇಲೆ ವೇಗಕ್ಕಾಗಿ ಹೆಚ್ಚು ದುಡ್ಡು ಸುರಿಯಬೇಕಾದ್ದೇ ಇಲ್ಲ.

ವೇಗ ಸಾಕು, ನಿಷ್ಠೆ? ದಾರಿಯಲ್ಲಿ ಒಂದಂಕಿ ಕಳೆದುಹೋದರೆ ಭಾಗವತರ ದನಿಯ ನುಣುಪು ಕೆಡುವುದಿಲ್ಲವೆ? ಇಲ್ಲಿಂದ ಹೆಚ್ಚು ದೂರವಲ್ಲದ ಮೂಡುಬಿದಿರೆಯನ್ನು ಒಮ್ಮೆ ನೆನೆಯಿರಿ. 9ನೆಯ ಶತಮಾನದ ವೀರಸೇನಾಚಾರ್ಯರ ಧವಲಾ ಟೀಕೆಯನ್ನು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಕಾಪಾಡಿದ್ದು ಅಲ್ಲಿನ ಗುರುಬಸದಿ. ಅದು ಅಚ್ಚಿನಲ್ಲಿ ಹೊರಬರತೊಡಗಿದ್ದು 1939ರಲ್ಲಿ. ಅದಕ್ಕೂ ಮುಂಚೆ ಗರಿಯಿಂದ ಕಾಗದಕ್ಕೆ, ಒಂದು ಲಿಪಿಯಿಂದ ಇನ್ನೊಂದಕ್ಕೆ ಪ್ರತಿ ಮಾಡುವಾಗ ಅಕ್ಷರ ಬಿಟ್ಟಿತೇ, ಸಾಲು ಹಾರಿತೇ ಎಂದು ಪ್ರತಿಗೆ ಪ್ರತಿ ಹೋಲಿಸಿ ನೋಡಬೇಕಿತ್ತು. ಆ ಎಚ್ಚರವನ್ನೇ ಈಗ ಮೂಲೆಯಲ್ಲಿ ಮಿಣಮಿಣ ಎನ್ನುವ ಅಗ್ಗದ ರೂಟರ್ ಸೆಕೆಂಡಿಗೆ ನೂರಾರು ಬಾರಿ ವಹಿಸುತ್ತಿದೆ! ಸಿ.ಡಿ. ಗುಣಮಟ್ಟದ ಒಂದು ಸೆಕೆಂಡಿನ ಸಂಗೀತ ಸುಮಾರು 120 ಪೊಟ್ಟಣಗಳಾಗಿ ಬರುತ್ತದೆ. ಪ್ರತಿ ಪೊಟ್ಟಣದ ಬಾಲಕ್ಕೂ 32 ಬಿಟ್‌ಗಳ ತಾಳೆಲೆಕ್ಕ. ಲೆಕ್ಕ ತಾಳೆಯಾಗದ ಪೊಟ್ಟಣವನ್ನು ಅಲ್ಲೇ ಎಸೆಯಲಾಗುತ್ತದೆ, ಕಳಿಸಿದವರಿಂದ ಮತ್ತೆ ತರಿಸಿಕೊಳ್ಳಲಾಗುತ್ತದೆ. ಹೊರಟಲ್ಲಿ ಏನಿತ್ತೋ ಅದೇ ಅಳದಂಗಡಿಯಲ್ಲಿ ಇಳಿಯುತ್ತದೆ.

ಹಾಗಾದರೆ ಹೊತ್ತಿಗೆ ಸರಿಯಾಗಿ ಬರಬೇಡವೆ, ತಾಳ ತಪ್ಪುವುದಿಲ್ಲವೆ ಎಂಬ ಪ್ರಶ್ನೆ ಉಳಿಯಿತು. ಇದಕ್ಕೊಂದು ಪ್ರಯೋಗ ಉಂಟು, ಯಾರೂ ಮಾಡಬಹುದು. ಹಾಡು ನಡೆಯುತ್ತಿರುವಾಗ, ಅಂತರ್ಜಾಲದ ಹಾಡು ನುಡಿಸುವ ಸ್ಟ್ರೀಮರ್ ಪೆಟ್ಟಿಗೆಯ ನೆಟ್‌ವರ್ಕ್ ವಯರನ್ನು ಎಳೆದುಬಿಡಿ. ಹಾಡು ನಿಲ್ಲುವುದಿಲ್ಲ! ಕೆಲವು ಸೆಕೆಂಡು, ಕೆಲವು ಯಂತ್ರಗಳಲ್ಲಿ ಇಡೀ ಹಾಡು, ಮುಂದುವರಿಯುತ್ತಲೇ ಇರುತ್ತದೆ. ಪೊಟ್ಟಣಗಳು ಗುಂಪುಗುಂಪಾಗಿ ಮುಂಚೆಯೇ ಬಂದು ಯಂತ್ರದ ನೆನಪಿನಲ್ಲಿ ಕಾದು ಕೂತಿರುತ್ತವೆ. ಅವನ್ನು ಎಣಿಸಿ ಎಣಿಸಿ ಹೊರಬಿಡುವ ತಾಳಗಾರ ಬೇರೆಯೇ ಇದ್ದಾನೆ. ಅಂಕಿಯನ್ನು ಮತ್ತೆ ನಾದವಾಗಿಸುವ ಡ್ಯಾಕ್ ಪೆಟ್ಟಿಗೆಯೊಳಗಿನ ಸ್ಫಟಿಕದ ಹರಳು ಅದು. ಅಲ್ಲಿ ಸಾಮಾನ್ಯವಾಗಿ ಬಳಸುವ ಹರಳೊಂದು ಸೆಕೆಂಡಿಗೆ 2,25,79,200 ಬಾರಿ ಮಿಡಿಯುತ್ತದೆ. 44,100ರ ಸರಿಯಾಗಿ 512 ಪಟ್ಟು!

ಇಲ್ಲೊಂದು ಕ್ಷಣ ನಿಲ್ಲಲೇಬೇಕು. ಹಾಡನ್ನು ಹೊತ್ತು ತಂದ ಗಾಜಿನೆಳೆ ಸಿಲಿಕಾ. ಹಾಡಿಗೆ ತಾಳ ಹಾಕುವ ಹರಳೂ ಸಿಲಿಕಾ. ವೇಣೂರಿನಲ್ಲಿ ಹರಿಯುವ ಫಲ್ಗುಣಿಯ ದಡದ ಮರಳಿನಲ್ಲಿ ಮಿನುಗುವುದೂ ಅದೇ ಸಿಲಿಕಾ. ಕರಗಿಸಿ ಎಳೆದರೆ ದಾರಿ, ಹರಳುಗಟ್ಟಿಸಿದರೆ ಗಡಿಯಾರ!

ಇಷ್ಟೆಲ್ಲ ತಿಳಿದ ಮೇಲೆ, ಸಂಗೀತಕ್ಕೆಂದೇ ಮಾಡಿದ್ದು ಎಂದು ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ರೂಪಾಯಿಗೆ ಮಾರುವ ನೆಟ್‌ವರ್ಕ್ ಸ್ವಿಚ್ಚು, ಈಥರ್ನೆಟ್ ಕೇಬಲ್ಲುಗಳನ್ನು ಏನೆನ್ನುವುದು? 2015ರಲ್ಲಿ ಆರ್ಸ್ ಟೆಕ್ನಿಕಾ ಪತ್ರಿಕೆಯವರು ಲಾಸ್ ವೇಗಾಸ್‌ನಲ್ಲಿ ಸುಮಾರು 340 ಡಾಲರಿನ ಈಥರ್ನೆಟ್ ಕೇಬಲನ್ನೂ ಮಾಮೂಲಿ ಕೇಬಲನ್ನೂ, ಯಾವುದು ಯಾವುದೆಂದು ಹೇಳದೆ, ಜನರಿಗೆ ಕೇಳಿಸಿದರು. ವ್ಯತ್ಯಾಸ ಯಾರ ಕಿವಿಗೂ ಸಿಗಲಿಲ್ಲ. ಅಂಕಿಗಳು ಬದಲಾಗದಿದ್ದಾಗ ಸಿಗುವುದಾದರೂ ಹೇಗೆ?

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ತಿರುವು ಈಗ ಬರುತ್ತದೆ. ತಾಮ್ರದ ವಯರಿನಲ್ಲಿ ಅಂಕಿಗಳ ಜೊತೆ ಇನ್ನೊಬ್ಬ ಪ್ರಯಾಣಿಕನೂ ಬರುತ್ತಾನೆ. ಅವನೇ ಕರೆಂಟು. ಅಗ್ಗದ ಅಡಾಪ್ಟರುಗಳ ಗುಂಯ್ ಸದ್ದು, ಇನ್ವರ್ಟರಿನ ಒರಟು ಅಲೆ, ಎರಡು ಯಂತ್ರಗಳ ಅರ್ತಿಂಗ್ ನಡುವೆ ಸುತ್ತುವ 50 ಹರ್ಟ್ಸ್‌ನ ಗೊರಗೊರ, ಇವೆಲ್ಲ ಆಂಪ್ಲಿಫೈಯರನ್ನು ತಲುಪಿದರೆ ಕಿವಿಗೆ ಖಂಡಿತ ಕೇಳುತ್ತವೆ. ಇದನ್ನು ತಡೆಯಲು ಪ್ರತಿ ಈಥರ್ನೆಟ್ ಕಿಂಡಿಯೊಳಗೂ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. 1,500 ವೋಲ್ಟ್ ತಡೆದುಕೊಳ್ಳಬೇಕು ಎಂಬುದು ಈಥರ್ನೆಟ್ಟಿನ ಮೂಲ ನಿಯಮದಲ್ಲೇ ಇದೆ. ಈಗ ತಮಾಷೆ ನೋಡಿ. ಲೋಹದ ಕವಚವಿರುವ ದುಬಾರಿ ಕೇಬಲ್ ಹಾಕಿದರೆ, ಆ ಕವಚ ಎರಡೂ ಕಡೆಯ ಲೋಹದ ಪೆಟ್ಟಿಗೆಗಳನ್ನು ಸೇರಿಸಿ, ಟ್ರಾನ್ಸ್‌ಫಾರ್ಮರ್ ಕಡಿದ ಸಂಬಂಧವನ್ನು ಹಿಂಬಾಗಿಲಿನಿಂದ ಮತ್ತೆ ಕಟ್ಟಿಬಿಡಬಹುದು! ಕವಚವಿಲ್ಲದ ಸಾದಾ ಕ್ಯಾಟ್ 6 ಕೇಬಲಿಗೆ ಆ ತಾಪತ್ರಯವೇ ಇಲ್ಲ. ಮನೆಯ ಮಟ್ಟಿಗೆ ಅಗ್ಗದ್ದೇ ಮೇಲು.

ಈ ಸೀಮೆಯಲ್ಲಂತೂ ಕರೆಂಟಿನ ಮಹಾರೂಪ ಬೇರೆಯೇ. ಏಪ್ರಿಲ್, ಮೇ ತಿಂಗಳ ಸಂಜೆ ಕುದುರೆಮುಖದ ಕಡೆ ಮೋಡ ಕಪ್ಪಾದರೆ ಮನೆಮನೆಯಲ್ಲಿ ಒಂದೇ ಕೂಗು: "ವಯರ್ ತೆಗಿ!" ಸಿಡಿಲಿನ ಒಂದು ಹೊಡೆತದಲ್ಲಿ ಹರಿಯುವುದು ಸಾಮಾನ್ಯವಾಗಿ 30,000 ಆಂಪಿಯರ್ ಆಸುಪಾಸು. ಅದು ಮನೆಗೇ ಬಡಿಯಬೇಕೆಂದಿಲ್ಲ. ಹತ್ತಿರದಲ್ಲಿ ಎಲ್ಲೋ ಬಿದ್ದರೂ, ಮನೆಯಿಂದ ಹಟ್ಟಿಯ ಮೇಲಿನ ಕೋಣೆಗೋ ಅಡಿಕೆ ಗೋದಾಮಿಗೋ ಎಳೆದ ಉದ್ದನೆಯ ತಾಮ್ರದ ವಯರಿನಲ್ಲಿ ಸಾವಿರಾರು ವೋಲ್ಟ್ ತಾನೇ ಹುಟ್ಟಿಕೊಳ್ಳುತ್ತದೆ. ಆ 1,500 ವೋಲ್ಟಿನ ತಡೆ ಅದಕ್ಕೆ ಯಾವ ಲೆಕ್ಕ?

ಮದ್ದು ಏನು ಗೊತ್ತೆ? ಮತ್ತೆ ಅದೇ ಗಾಜು! ಗಾಜಿನಲ್ಲಿ ಬೆಳಕು ಹರಿಯುತ್ತದೆ, ಕರೆಂಟು ಹರಿಯುವುದಿಲ್ಲ. ಮೀಡಿಯ ಕನ್ವರ್ಟರ್ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪೆಟ್ಟಿಗೆಗಳ ಒಂದು ಜೋಡಿ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಒಂದು ರೂಟರಿನ ಬಳಿ, ಇನ್ನೊಂದು ಸ್ಟ್ರೀಮರಿನ ಬಳಿ, ನಡುವೆ ಗಾಜಿನ ಪ್ಯಾಚ್ ಕಾರ್ಡ್. ಸಿಡಿಲಿನ ಉಬ್ಬರಕ್ಕೂ ಅಡಾಪ್ಟರಿನ ಗುಂಯ್‌ಗೂ ಆ ದಾರಿ ಒಟ್ಟಿಗೆ ಬಂದ್. ಸಂಗೀತದ ಶುದ್ಧಿಗೆ ಬೇಕಾದದ್ದೂ ಉಪಕರಣದ ಪ್ರಾಣಕ್ಕೆ ಬೇಕಾದದ್ದೂ ಒಂದೇ ವಸ್ತು ಎಂಬುದೇ ಈ ಹುಡುಕಾಟದ ಬಲು ದೊಡ್ಡ ಪ್ರಾಪ್ತಿ. ಒಂದೇ ಒಂದು ಎಚ್ಚರ: ಹೊರಗಿನಿಂದ ಬರುವ ಡ್ರಾಪ್ ವಯರಿನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುವುದುಂಟು. ಅದು ಗೋಡೆಯ ಹೊರಗಿನ ಕೊಕ್ಕೆಯಲ್ಲೇ ನಿಲ್ಲಬೇಕು, ಒಳಗೆ ಗಾಜು ಮಾತ್ರ ಬರಬೇಕು.

ಮೋಡೆಮಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಕೊಡಿ, ಆಟ ಇನ್ನೂ ರಂಗೇರುತ್ತದೆ. ಗುಡುಗು ಶುರುವಾಗುವ ಮುಂಚೆಯೇ ಗೋಡೆಯ ಪ್ಲಗ್ಗುಗಳನ್ನೆಲ್ಲ ಕಿತ್ತುಬಿಡಿ. ಬ್ಯಾಟರಿಯಲ್ಲಿ ಮೋಡೆಮ್ ಓಡುತ್ತದೆ, ಗಾಜಿನಲ್ಲಿ ಹಾಡು ಬರುತ್ತದೆ, ಕೈಯಲ್ಲಿರುವ ಫೋನಿಗೆ ಹೆಡ್‌ಫೋನ್ ಸಿಕ್ಕಿಸಿದರೆ ಕಂಬದ ಕರೆಂಟಿಗೂ ಆ ಹಾಡಿಗೂ ನಂಟೇ ಇಲ್ಲ!

ವೈಫೈ ಸಾಲದೆ ಎಂದು ಕೇಳುವವರಿಗೆ ಈ ಊರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದರೆ ನೆರೆಹೊರೆಯ ಹತ್ತಾರು ವೈಫೈಗಳು ಒಂದರ ಮೇಲೊಂದು ಬಿದ್ದು ಕಿತ್ತಾಡುತ್ತಿರುತ್ತವೆ. ತೋಟದ ನಡುವಿನ ಮನೆಯಲ್ಲಿ ಕಾಣುವುದು ನಿಮ್ಮದೊಂದೇ. ಇಡೀ ಆಕಾಶ ನಿಮ್ಮದು! ಆದರೆ ಗೋಡೆ ಮುರಕಲ್ಲಿನದು, ದಪ್ಪ, ಮಳೆಗಾಲದಲ್ಲಿ ತೇವ ಹೀರಿದ್ದು. 5 ಗಿಗಾಹರ್ಟ್ಸ್‌ನ 6 ಸೆಂಟಿಮೀಟರ್ ಅಲೆ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. 2.4 ಗಿಗಾಹರ್ಟ್ಸ್‌ನ ಹನ್ನೆರಡೂವರೆ ಸೆಂಟಿಮೀಟರ್ ಅಲೆ ಇನ್ನಷ್ಟು ದೂರ ತೆವಳುತ್ತದೆ. ಪೇಟೆಯಲ್ಲಿ ಗಿಜಿಗುಡುವ ಅದೇ ಪಟ್ಟಿ ಇಲ್ಲಿ ಖಾಲಿ ಇರುವುದರಿಂದ, ಹಳೆಯದೆಂದು ಜನ ಮೂಗು ಮುರಿಯುವ 2.4 ಇಲ್ಲಿ ಸಂಗೀತಕ್ಕೆ ಧಾರಾಳ ಸಾಕು. ಹಾಡು ಕೇಳುವ ಕೋಣೆಗೇ ಒಂದು ವಯರ್ ಎಳೆದರೆ ಆ ಚಿಂತೆಯೂ ಇಲ್ಲ.

ಇಷ್ಟು ಮಾಡಿ ಕೂತರೆ ಕಡೆಗೆ ಎದುರಾಗುವ ಪ್ರತಿಸ್ಪರ್ಧಿ ಯಾರು? ಜೀರುಂಡೆ! 16 ಬಿಟ್‌ಗಳ ಸಂಗೀತದಲ್ಲಿ ಅತಿ ಮೆಲ್ಲನೆಯದರಿಂದ ಅತಿ ಜೋರಿನದರವರೆಗೆ 96 ಡೆಸಿಬಲ್‌ಗಳ ಹರವಿದೆ. ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳದ ಒಳ್ಳೆಯ ಮುದ್ರಣ ಹಾಕಿದರೆ ಚೆಂಡೆಯ ಮೊದಲ ಪೆಟ್ಟಿನ ಚುರುಕು, ಚಕ್ರತಾಳದ ಝಣತ್ಕಾರ, ಅದು ಆರುತ್ತಾ ಹೋಗುವಾಗಿನ ಸಣ್ಣ ಕಂಪನ ಎಲ್ಲವೂ ಆ ಹರವಿನೊಳಗಿವೆ. ಆ ಸಣ್ಣ ಕಂಪನವನ್ನು ನುಂಗುವುದು ರೂಟರಲ್ಲ, ಹೊರಗಿನ ಜೀರುಂಡೆ, ಹಂಚಿನ ಮೇಲಿನ ಮಳೆ, ತಲೆಯ ಮೇಲಿನ ಫ್ಯಾನು. ಕಿಟಕಿಗೊಂದು ದಪ್ಪ ಪರದೆ, ಸ್ಪೀಕರಿಗೊಂದು ಸರಿಯಾದ ಜಾಗ, ಇವು ಕಿವಿಗೆ ಕೊಡುವ ಲಾಭವನ್ನು ಯಾವ ಸ್ವಿಚ್ಚೂ ಕೊಡಲಾರದು.

ಕೊನೆಯ ಅಚ್ಚರಿ ಅಂಗಳದ ಮೂಲೆಯಲ್ಲಿದೆ. ಸಿಡಿಲಿನ ಉಬ್ಬರವೂ ಗುಂಯ್‌ಗುಡುವ ಕರೆಂಟೂ ಇಳಿದುಹೋಗಬೇಕಾದ್ದು ಅರ್ತಿಂಗ್ ಗುಂಡಿಗೆ. ಮುರಕಲ್ಲಿನ ನೆಲ ಒಣಗಿದಾಗ ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳದು. ಸಿಡಿಲಿನ ಅಬ್ಬರ ಹೆಚ್ಚುವುದೂ ನೆಲ ಹಾಗೆ ಒಣಗಿ ಬಿರಿದಿರುವ ಬೇಸಗೆಯ ಕೊನೆಯಲ್ಲೇ! ಹಿಂದಿನವರು ಆ ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ ಆಗಾಗ ನೀರು ಹೊಯ್ಯುತ್ತಿದ್ದುದು ಸುಮ್ಮನೆ ಅಲ್ಲ. ಲಕ್ಷ ರೂಪಾಯಿಯ ಸ್ವಿಚ್ಚಿನಿಂದ ಆಗದ ಕೆಲಸವನ್ನು ಮಾರ್ಚ್ ತಿಂಗಳಿನಿಂದ ವಾರಕ್ಕೆ ನಾಲ್ಕು ಕೊಡ ನೀರು ಮಾಡಿಕೊಡುತ್ತದೆ.