ಕಲ್ಲು ಮತ್ತು ಕಲ್ನಾಡು: ನಂದಿ ಸೀಮೆಯ ವೀರಗಲ್ಲುಗಳು

ನಂದಿಬೆಟ್ಟದ ಸುತ್ತಣ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಪ್ರದೇಶವು ಗಂಗ, ಬಾಣ, ನೊಳಂಬರ ಕಾಳಗಗಳನ್ನು ಕಂಡ ಸೀಮೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ ಇಲ್ಲಿನ ವೀರಗಲ್ಲು ಶಾಸನಗಳು ಸೇರಿವೆ. ಅರಸರಷ್ಟೇ ಅಲ್ಲ, ತುರುಗಳನ್ನು ಮರಳಿಸಲು ಹೋರಿ ಮಡಿದ ಊರಾಳುಗಳೂ ಇಂತಹ ಶಾಸನಗಳಲ್ಲಿ ಹೆಸರು ಪಡೆದಿದ್ದಾರೆ.

ಇಲ್ಲಿ ಗಮನಿಸಬೇಕಾದ ಪದ ‘ಕಲ್ನಾಡು’. ಕಲ್ಲಿನೊಡನೆ ಮಡಿದವನ ಹೆಸರಿನಲ್ಲಿ ಬಿಟ್ಟ ಭೂಮಿ ಇದು. ಮುಂದಿನ ಕಾಲದ ‘ನೆತ್ತರುಗೊಡಗಿ’ಯೂ ಇದೇ ಬಗೆಯದು. ಕಲ್ಲು ಸತ್ತವನಿಗೆ ಸಂದರೆ ನೆಲವು ಅವನ ಮನೆಯವರಿಗೆ ಸಲ್ಲುತ್ತಿತ್ತು. ಹೀಗೆ ಮೃತನ ಗೌರವವೂ ಉಳಿದವರ ಜೀವನವೂ ಒಂದೇ ದತ್ತಿಯಲ್ಲಿ ಬೆಸೆದುಕೊಂಡಿದ್ದವು.

ಕಲ್ಲಿನ ಪೂಜೆಗೂ ಹೊಣೆಗಾರರಿದ್ದರು. ಮಂಡ್ಯ ಸೀಮೆಯ ಆತಕೂರು ಶಾಸನ (ಕ್ರಿ.ಶ. 949-50) ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಗೂ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುದನ್ನು ಹೇಳುತ್ತದೆ. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನೂ ವಿಧಿಸುತ್ತದೆ.

ಇಂದು ಎಷ್ಟೋ ವೀರಗಲ್ಲುಗಳು ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ ಅನಾಥವಾಗಿವೆ. ದತ್ತಿಯ ನೆಲ ಕೈಬಿಟ್ಟಲ್ಲಿ ಪೂಜೆಯ ಹೊಣೆಯೂ ಸಡಿಲುವುದು ಸಹಜ. ಆದುದರಿಂದ ಕ್ಷೇತ್ರಕಾರ್ಯವು ಶಾಸನಪಾಠಕ್ಕೆ ನಿಲ್ಲದೆ, ಯಾವ ಕಲ್ಲಿಗೆ ಯಾರು ಇಂದಿಗೂ ನೀರೆರೆಯುತ್ತಾರೆ ಎಂಬುದನ್ನೂ ದಾಖಲಿಸಬೇಕಾಗಿದೆ.